ಮಗ್ಗುಲಿಗೆ ಹೊರಳಿಸುವ ದೊಡ್ಡಮ್ಮ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಆಯಾ ನೆಲ ಒರೆಸುತ್ತಿದ್ದಾರೆ. ಕೈ ನೆಲದ ಮೇಲಿದ್ದರೂ ಕಣ್ಣೆಲ್ಲ ಮೂಲೆಯ ಮಂಚದ ಮೇಲೆ. ಅಲ್ಲಿ ಹದಿನಾರು ತುಂಬದ ಹುಡುಗಿಯೊಬ್ಬಳು ಆಟದ ಜೆರ್ಸಿಯಲ್ಲೇ ಮಲಗಿದ್ದಾಳೆ. ಗೆಳತಿಯ ಮನೆಯಲ್ಲಿ, ಗೆದ್ದ ಖುಷಿಗೆಂದು ಕುಡಿದವಳು ಎಚ್ಚರ ತಪ್ಪಿದಾಗ, ಮಲಗಿದರೆ ಸರಿಹೋಗುತ್ತಾಳೆಂದು ಜೊತೆಗಾರರು ಸುಮ್ಮನಿದ್ದರಂತೆ. ಮೈ ತಣ್ಣಗಾದ ಮೇಲೆ ಗಾಬರಿಬಿದ್ದು ಹೊತ್ತು ತಂದಿದ್ದಾರೆ.

ಮಗ್ಗುಲಾಗಿ ಮಲಗಿಸಿದ್ದವಳು ಹೊರಳಿ ಅಂಗಾತವಾಗುತ್ತಾಳೆ. ಗಂಟಲಲ್ಲಿ ಗೊರಗೊರ ಸದ್ದು. ಆಯಾ ಬಟ್ಟೆ ಬಿಸಾಡಿ ಓಡಿ, ಭುಜ ಹಿಡಿದು ಮತ್ತೆ ಮಗ್ಗುಲಿಗೆ ತಿರುಗಿಸಿ ನರ್ಸನ್ನು ಕೂಗುತ್ತಾರೆ. ವಾಂತಿಯೆಲ್ಲ ಅವರ ಸೀರೆಯ ಮೇಲೆ. "ಸೀರೆ ತೊಳ್ಕೋಬಹುದು. ಉಸಿರಿಗೆ ಹೋಗಿದ್ರೆ?" ಎನ್ನುತ್ತಾ ಹುಡುಗಿಯ ಬಾಯಿ ಒರೆಸುತ್ತಾರೆ.

ವಾರ್ಡಿಗೆಲ್ಲ ಇವರು ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯಲು ಸೇರಿದವರು, ಸೊಂಟ ಕೈಕೊಟ್ಟಿದ್ದರಿಂದ ವಾರ್ಡಿಗೆ ಬಂದರು. ಇಲ್ಲೇನು ಬಗ್ಗುವ ಕೆಲಸ ಕಡಿಮೆಯೇ ಎಂದು ಕೇಳಿದರೆ ನಗುತ್ತಾರೆ. ಮನೆಯಲ್ಲಿರುವುದು ಒಬ್ಬ ತಮ್ಮ. ಶಾಲೆಗೆ ಹೋಗುವಾಗಲೇ ಕುಡಿಯಲು ಕಲಿತವನು. ನಲವತ್ತಕ್ಕೇ ಕೈ ನಡುಗಿ ಲೋಟ ನಿಲ್ಲುವುದಿಲ್ಲ. ಅಕ್ಕ ತುತ್ತು ಕಲಸಿಟ್ಟೇ ಕೆಲಸಕ್ಕೆ ಹೊರಡಬೇಕು.

ಬಿಸಿಲೇರುವಾಗ ಹುಡುಗಿ ಕಣ್ಣು ಬಿಡುತ್ತಾಳೆ. ತನ್ನನ್ನು ಯಾರು ಯಾರು ನೋಡಿದರು ಎಂಬುದೇ ಅವಳ ಮೊದಲ ಪ್ರಶ್ನೆ. ಹಿಂದಿನ ಸಂಜೆಯ ಅರ್ಧ ಭಾಗ ನೆನಪಿನಿಂದ ಅಳಿಸಿಹೋಗಿದೆ. ಎಳೆಯ ಮಿದುಳಿಗೆ ಕುಡಿತದ ಪೆಟ್ಟು ಹೆಚ್ಚು ಎಂದು ಡಾಕ್ಟರು ಸಮಾಧಾನದಿಂದಲೇ ಹೇಳಿ ಹೋಗುತ್ತಾರೆ. ದೊಡ್ಡಮ್ಮ ಬುದ್ಧಿ ಹೇಳುವುದಿಲ್ಲ, ಕೂದಲ ಸಿಕ್ಕು ಬಿಡಿಸುತ್ತಾ ಕೂರುತ್ತಾರೆ. ಆಗ ಮಾತು ತಾನೇ ಹೊರಬರುತ್ತದೆ. ಆಟಕ್ಕೆ ಮುಂಚೆ ಅವಳಿಗೆ ಎದೆ ಡವಗುಟ್ಟುತ್ತಿತ್ತಂತೆ, ಒಂದು ಗುಟುಕಿಗೆ ತಣ್ಣಗಾಗುತ್ತಿತ್ತಂತೆ. ಮರುದಿನ ಅದೇ ಭಯ ಎರಡರಷ್ಟು. ಆಮೇಲೆ ನಿದ್ದೆಗೂ ಅದೇ ಬೇಕಾಯಿತು. ಓದಿದ್ದು ತಲೆಯಲ್ಲಿ ನಿಲ್ಲದಾಯಿತು, ಕಾಲು ಮೊದಲಿನಂತೆ ಓಡದಾಯಿತು.

"ನನ್ನ ತಮ್ಮನೂ ಹೆದರಿಕೆಗೇ ಶುರು ಮಾಡಿದ್ದು ಕಣಮ್ಮ. ಹೆದರಿಕೆ ಹೋಗ್ಲಿಲ್ಲ. ಈಗ ಉಂಡಿದ್ದೇ ಅವನಿಗೆ ನೆನಪಿರಲ್ಲ."

ಹುಡುಗಿ, ಅಪ್ಪನಿಗೆ ಎಲ್ಲ ಹೇಳುವಾಗ ಪಕ್ಕದಲ್ಲಿರುತ್ತೀರಾ ಎಂದು ಕೇಳುತ್ತಾಳೆ. ಪಾಳಿ ಮುಗಿದಿದ್ದರೂ ದೊಡ್ಡಮ್ಮ ಕದಲುವುದಿಲ್ಲ. ಹೊರಗೆ ಕೆಂಡವಾಗಿ ನಿಂತಿರುವ ಅಪ್ಪನಿಗೆ ಮೊದಲು ನೀರು ಕುಡಿಸಿ ಕರೆತರುತ್ತಾರೆ. ಮಗಳು ಹೇಳುತ್ತಾ ಹೋದಂತೆ ಅವರ ಸಿಟ್ಟು ಇಳಿಯುತ್ತದೆ. ಕೊನೆಗೆ ಅವಳ ಪಾದ ಹಿಡಿದು ಕೂತುಬಿಡುತ್ತಾರೆ.

ಇದಾಗಿ ತಿಂಗಳುಗಳೇ ಕಳೆದಿವೆ. ಹುಡುಗಿ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದಾಳೆ. ನಡುವೆ ಒಮ್ಮೆ ಜಾರಿ ಮತ್ತೆ ಕುಡಿದಳು, ಅದನ್ನು ತಾನೇ ಮನೆಯಲ್ಲಿ ಹೇಳಿದಳು. ಮೊನ್ನೆ ವಾರ್ಡಿನ ಬಾಗಿಲಿಗೆ ಬಂದಾಗ ದೊಡ್ಡಮ್ಮ ಗುರುತು ಹಿಡಿಯದೆ, ಯಾರನ್ನು ನೋಡಲು ಬಂದೆ ಎಂದು ಕೇಳಿದರಂತೆ. ನಿಮ್ಮನ್ನೇ ಎಂದಳಂತೆ ಹುಡುಗಿ.

"ಈ ಮಕ್ಕಳು ಮಲಗಿದ್ದಾಗ ಮಾತ್ರ ನಾನು ನೋಡಿರ್ತೀನಲ್ಲ," ಎನ್ನುತ್ತಾರೆ ದೊಡ್ಡಮ್ಮ, ಹಾಸಿಗೆಯ ಸುಕ್ಕು ಸರಿಮಾಡುತ್ತಾ. "ನಿಂತ್ರೆ ನನಗಿಂತ ಒಂದು ಗೇಣು ಉದ್ದ ಇದ್ದಾಳೆ."