ಕೆಂಪಮ್ಮನ ಬೀಸುವ ಕಲ್ಲು

ಬಂದರು ಊರಾದ ಫ್ರೀಮ್ಯಾಂಟಲ್‌ನ ಗ್ರಂಥಾಲಯದಲ್ಲಿ ಹಳೆಯ ದಾಖಲೆಗಳನ್ನು ಜೋಡಿಸಿಡಲು ಸುಭದ್ರಾ ವಾರಕ್ಕೆರಡು ದಿನ ಸಂಬಳವಿಲ್ಲದೆ ಹೋಗುತ್ತಿದ್ದರು. ಓದಿದ್ದು ಏಳನೆಯ ತರಗತಿ. ಇಂಗ್ಲಿಷನ್ನು ಮಗಳ ಶಾಲೆಯ ಪುಸ್ತಕಗಳಿಂದ ತಾವೇ ಕಲಿತವರು. ಅಲ್ಲೇ ಒಂದು ದಿನ, 1864ರ ಹಡಗಿನ ಪಟ್ಟಿಯಲ್ಲಿ, ಒಬ್ಬ ಸೇನಾಧಿಕಾರಿಯ ಕುಟುಂಬದ ಕೊನೆಯ ಸಾಲಾಗಿ ಸಿಕ್ಕಿತು: ಕೆಂಪಮ್ಮ, ಆಯಾ, ಬೆಂಗಳೂರು.

ಅಂದಿನಿಂದ ಅವರಿಗೆ ಬೇರೆ ಧ್ಯಾನವಿಲ್ಲ. ದೇವರಿಗೆ ದೀಪ ಹಚ್ಚುವಾಗಲೂ ಅದೇ ಹೆಸರು ನಾಲಿಗೆಗೆ ಬರುತ್ತಿತ್ತು. ಮೂರು ವರ್ಷ ಹುಡುಕಿದ ಮೇಲೆ ಅಷ್ಟಿಷ್ಟು ತಿಳಿಯಿತು. ತಮ್ಮ ಮಕ್ಕಳು ದೊಡ್ಡವರಾದ ಮೇಲೆ ಯಜಮಾನರು ಆಯಾಳನ್ನು ಬಂದರಿನಲ್ಲೇ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದರು. ಕೆಂಪಮ್ಮ ಊರಿಂದ ತಂದಿದ್ದ ಬೀಸುವ ಕಲ್ಲನ್ನು ಗುಡಿಸಲ ಮುಂದೆ ಇಟ್ಟುಕೊಂಡು ನೆರೆಯವರಿಗೆ ಗೋಧಿ ಬೀಸಿಕೊಟ್ಟಳು. ಸುಣ್ಣದ ಗೂಡಿನಲ್ಲಿ ದುಡಿಯುವವನನ್ನು ಮದುವೆಯಾದಳು. ಅವನು ಬೇಗ ಸತ್ತ. ಇಬ್ಬರು ಹೆಣ್ಣುಮಕ್ಕಳನ್ನು ಆ ಕಲ್ಲೇ ಸಾಕಿತು. ಹಿರಿಯಳು ಅಡಿಲೇಡಿಗೆ, ಕಿರಿಯಳು ಬ್ರಿಸ್ಬೇನಿಗೆ ಮದುವೆಯಾಗಿ ಹೋದಳು.

ಪರ್ತ್‌ನ ಕನ್ನಡ ಬಳಗ ರಾಜ್ಯೋತ್ಸವಕ್ಕೆ, ಇಲ್ಲಿಗೆ ಬಂದ ಮೊದಲ ಕನ್ನಡಿಗರ ಪ್ರದರ್ಶನ ಏರ್ಪಡಿಸುತ್ತಿತ್ತು. ಅಧ್ಯಕ್ಷ ಉದಯಶಂಕರ್ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಮೊದಲ ಜಾಗವನ್ನು ಅವರು ಎಪ್ಪತ್ತರ ದಶಕದ ಒಬ್ಬ ಎಂಜಿನಿಯರ್‌ಗೆ ಮೀಸಲಿಟ್ಟಾಗಿತ್ತು. ಅಲ್ಲಿ ಕೆಂಪಮ್ಮನನ್ನಿಡಿ ಎಂದು ಸುಭದ್ರಾ ಕೇಳಿದಾಗ ಅವರು ಒಪ್ಪಲಿಲ್ಲ.

“ಆಂಟಿ, ಆಯಾ ಕೆಲಸದವ್ಳನ್ನ ಫಸ್ಟ್ ಹಾಕಿದ್ರೆ ನಮ್ಮ ಮಕ್ಳು ಏನಂದ್ಕೊಳ್ತಾರೆ? ಹೋಗ್ಲಿ, ಅವ್ಳು ನಮ್ಮ ಕಡೆಯವ್ಳೇ ಅನ್ನೋಕೆ ಪ್ರೂಫ್ ಎಲ್ಲಿದೆ?”

“ತರ್ತೀನಿ” ಎಂದರು ಸುಭದ್ರಾ.

ಮಗಳು ಪ್ರಣತಿ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದಳು. ಸುಭದ್ರಾ ಅವಳ ಮನೆಗೆ ಹೋಗಿ ಹುಡುಕಿದಾಗ, ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಕೆಂಪಮ್ಮನ ಕಿರಿಮಗಳ ವಂಶದ ರೋಸ್ ಎಂಬಾಕೆ ಸಿಕ್ಕಳು. ಅವಳ ವರಾಂಡದಲ್ಲಿ ನಡುವೆ ತೂತಿದ್ದ ಒಂದು ದುಂಡು ಕಲ್ಲು. ಅದು ತನ್ನ ತಾತನ ದೋಣಿಯ ಲಂಗರಾಗಿತ್ತು ಎಂದಳು ಅವಳು. ಸುಭದ್ರಾ ಅದನ್ನು ತೊಳೆದು ಅರಿಶಿನ ಕುಂಕುಮ ಇಟ್ಟಾಗ ರೋಸ್ ಬೆರಗಾದಳು. ಇಂಥದೇ ಇನ್ನೊಂದು ಅಡಿಲೇಡಿನ ಎಲೆನ್ ಮನೆಯ ತೋಟದಲ್ಲಿದೆ ಎಂದು ಹೇಳಿ, ಕಲ್ಲನ್ನು ಕೈಗಿತ್ತಳು.

ಕೆಂಪಮ್ಮನ ಹಿರಿಮಗಳ ವಂಶದ, ಎಂಬತ್ತರ ಎಲೆನ್, ತನ್ನ ಅಜ್ಜಿಯ ಅಜ್ಜಿ ಸ್ಪೇನಿನವಳು, ಇನ್ನು ಕಾಗದ ಬರೆಯಬೇಡಿ ಎಂದು ಆಗಲೇ ಎರಡು ಸಲ ಉತ್ತರಿಸಿದ್ದಾಕೆ. ಕಲ್ಲು ಹೊತ್ತು ಅಡಿಲೇಡಿಗೆ ಬಂದ ಸುಭದ್ರಾಗೆ ಬಾಗಿಲಲ್ಲೇ ಅದನ್ನು ಮತ್ತೆ ಹೇಳಿದಳು. ಸುಭದ್ರಾ ವಾದಿಸಲಿಲ್ಲ. ದೂರದಿಂದ ಬಂದಿದ್ದೇನೆ, ತೋಟದಲ್ಲಿ ಐದು ನಿಮಿಷ ಕೂರಲು ಬಿಡಿ ಎಂದು ಕೇಳಿದರು.

ಹಕ್ಕಿಗಳಿಗೆ ನೀರಿಡುತ್ತಿದ್ದ ಕಲ್ಲನ್ನು ಬರಿದು ಮಾಡಿ ಒರೆಸಿದರು. ನಡುವಿಗೆ ತಾವು ತಂದಿದ್ದ ಹೊಸ ಗೂಟ ನೆಟ್ಟು, ಹೊಸ ಹಿಡಿ ಕೂರಿಸಿದ್ದ ಬ್ರಿಸ್ಬೇನಿನ ಕಲ್ಲನ್ನು ಮೇಲಿಟ್ಟರು. ಅಕ್ಕತಂಗಿ ಹಂಚಿಕೊಂಡಿದ್ದ ಜೋಡಿ; ಸವೆದ ಮೈಗೆ ಸವೆದ ಮೈ ಕೂತಿತು. ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ಹಿಡಿ ಗೋಧಿ ಹಾಕಿ ತಿರುಗಿಸಿದರು. ಸುತ್ತ ಹಿಟ್ಟು ಉದುರಿತು.

ಎಲೆನ್ ಹತ್ತಿರ ಬಂದು ಹಿಟ್ಟನ್ನು ಬೆರಳಿಂದ ಮುಟ್ಟಿ, ಚಿಕ್ಕಂದಿನ ಮಾತೊಂದನ್ನು ಹೇಳಿದಳು. ಬಿಸಿಲಿಗೆ ಹೋಗಬೇಡ, ಹೋದರೆ ಮೈ ಕಪ್ಪಾಗಿ ಗೊತ್ತಾಗಿಬಿಡುತ್ತದೆ ಎಂದು ಅಮ್ಮ ಗದರುತ್ತಿದ್ದಳಂತೆ. ಏನು ಗೊತ್ತಾಗುತ್ತದೆಂದು ಮಾತ್ರ ಎಂದೂ ಹೇಳಲಿಲ್ಲವಂತೆ. ಆಮೇಲೆ ಅವಳೇ ಕೂತು ಹಿಡಿಗೆ ಕೈ ಹಾಕಿದಳು. ತನ್ನ ಕಲ್ಲನ್ನೂ ಕೊಟ್ಟಳು. ತನ್ನ ಹೆಸರನ್ನು ಕೆಂಪಮ್ಮನ ಹೆಸರಿನ ಕೆಳಗೆ ಬರೆಯಬೇಕೆಂದಳು.

ಪ್ರದರ್ಶನದ ದಿನ ಉದಯಶಂಕರ್ ಕಲ್ಲಿನ ಮೇಲೆ ಬೆರಳಾಡಿಸಿ ನೋಡಿದರು. ಫ್ರೀಮ್ಯಾಂಟಲ್ ಕಡೆಯದೆಲ್ಲ ಸುಣ್ಣದ ಕಲ್ಲು, ಇದು ನಮ್ಮ ಕಡೆಯ ಗ್ರಾನೈಟ್ ಎಂದು ಒಪ್ಪಿಕೊಂಡರು. ಆದರೂ ಅದಕ್ಕೆ ಹಿಂದಿನ ಮೂಲೆ ತೋರಿಸಿದರು. ಸುಭದ್ರಾ ಸೆರಗು ಸಿಕ್ಕಿಸಿ, ಒಂದೊಂದು ಹೋಳಾಗಿ ಎರಡು ಸಲ ಹೊತ್ತು, ಬಾಗಿಲಿನ ನಟ್ಟನಡುವೆ ಕಲ್ಲನ್ನು ಇಟ್ಟು, ಪಕ್ಕದಲ್ಲಿ ಕೆಂಪಮ್ಮನ ಹೆಸರಿನ ಫಲಕ ನಿಲ್ಲಿಸಿದರು.

“ಆಂಟಿ, ಬರೋರಿಗೆ ಅಡ್ಡ ಆಗತ್ತೆ.”

“ಆಗ್ಲಿ. ಸುತ್ಕೊಂಡ್ ಬರ್ಲಿ” ಎಂದು ಅವರು ಗೋಧಿಯ ಚೀಲ ಬಿಚ್ಚಿ ಬೀಸಲು ಕೂತರು.