ಇಪ್ಪತ್ತೊಂಬತ್ತರ ಮಗ್ಗಿಯ ಚೌಕಾಸಿ

ಏಳನೆಯ ವರ್ಗದ ಮುಲ್ಕಿ ಪರೀಕ್ಷೆ ಪಾಸಾದವನಿಗೆ ತಾನು ಮಾಸ್ತರ ಎಂಬುದು ನೇಮಕದ ಕಾಗದ ಕೈಗೆ ಬಂದೊಡನೆ ತಿಳಿಯುತ್ತದೆ. ಹುಡುಗರಿಗೆ ತಿಳಿಯಲು ಕೊಂಚ ಕಾಲ ಬೇಕು. ನಾನು ವಿಜಾಪುರದ ಪೇಟೆಯಲ್ಲಿ ಅರಿವೆ ಅಂಗಡಿಯ ಗಜಕಡ್ಡಿ ಹಿಡಿದು ಬೆಳೆದವನು. ಮಹಾಯುದ್ಧದ ದಿನಗಳಲ್ಲಿ ತಿಕೋಟಾದ ಶಾಲೆಗೆ ಬಂದೆ. ವರ್ಷದ ಕೊನೆಗೆ ತಪಾಸಣೆಯ ಸಾಹೇಬರು ಒಪ್ಪಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಮತ್ತೆ ಗಜಕಡ್ಡಿ.

ಬಬಲೇಶ್ವರದಿಂದ ವರ್ಗವಾಗಿ ಬಂದಿದ್ದ ಹೆಡ್ ಮಾಸ್ತರರು ಮೊದಲ ದಿನವೇ ವೃತ್ತಿಯ ಗುಟ್ಟು ದಯಪಾಲಿಸಿದರು.

"ಆರು ತಿಂಗಳು ನಗಬ್ಯಾಡ್ರಿ. ಹಲ್ಲು ಕಂಡ್ರ ತಲಿ ಮ್ಯಾಲ ಕುಂಡರ್ತಾವ."

ಅವರು ಮೂವತ್ತು ವರ್ಷದಿಂದ ನಕ್ಕಿರಲಿಲ್ಲ. ಹುಡುಗರು ಹೆಚ್ಚೇನೂ ಕಲಿತಿರಲಿಲ್ಲ ನಿಜ, ಆದರೆ ಶಿಸ್ತು ಬಲು ಅಚ್ಚುಕಟ್ಟು. ನಾನೂ ಒಂದು ವಾರ ಹುಬ್ಬು ಗಂಟಿಕ್ಕಿಕೊಂಡು ಕಳೆದೆ. ಮಾಸ್ತರರಿಗೆ ಹಲ್ಲುನೋವೆಂದು ಮಕ್ಕಳು ಮನೆಯಿಂದ ಲವಂಗ ತಂದುಕೊಟ್ಟರು.

ಆ ಮುಖವನ್ನು ಅಲ್ಲಿಗೇ ಬಿಟ್ಟು, ನನಗೆ ಬರುತ್ತಿದ್ದ ಒಂದೇ ವಿದ್ಯೆಗೆ, ಅಂಗಡಿಯ ಚೌಕಾಸಿಗೆ, ಕೈಹಾಕಿದೆ. ಹದಿನೈದರ ಮಗ್ಗಿ ಒಪ್ಪಿಸಿದರೆ ಒಂದು ಕಥೆ; ಹದಿನೆಂಟಕ್ಕೆ ಅರ್ಧ ತಾಸು ಮೊದಲೇ ಮನೆ. ಹುಡುಗರು ಹದಿನಾರಕ್ಕೆ ಇಳಿಸುವರು, ನಾನು ಹದಿನೇಳಕ್ಕೆ ಏರಿಸುವೆ. ಹೊಸ ಮಾಸ್ತರರಿಗೆ ನನ್ನದೊಂದು ಪುಕ್ಕಟೆ ಸಲಹೆ: ಇನ್ನೊಬ್ಬರ ಮುಖ ಎರವಲು ತರಬೇಡಿ, ಅಳತೆಗೆ ಹೊಂದುವುದಿಲ್ಲ.

ವರ್ಷದ ಕೊನೆಗೆ ಸಾಹೇಬರು ಬಂದರು, ಇಪ್ಪತ್ತೊಂಬತ್ತರ ಮಗ್ಗಿ ಕೇಳಿದರು. ಸಂತೆಯಲ್ಲಿ ಬದನೆಕಾಯಿ ಮಾರುವವಳ ಮಗಳು ಮುಂದಿನ ಸಾಲಿನಿಂದ ಎದ್ದಳು.

"ಇಪ್ಪತ್ತೊಂಬತ್ತು ಯಾಕ್ರಿ ಸಾಹೇಬ್ರ? ಮೂವತ್ತರದು ತಗೋರಿ. ನಿಮಗ ಒಂದು ಹೆಚ್ಚಿಗಿ ಬರ್ತೈತಿ."

ಉತ್ತರಕ್ಕೂ ಕಾಯದೆ ಮೂವತ್ತು, ಅರವತ್ತು, ತೊಂಬತ್ತು ಎಂದು ಅಳೆದುಕೊಟ್ಟಳು. ಹೆಡ್ ಮಾಸ್ತರರು ಗೋಡೆಯ ನಕಾಶೆಯಲ್ಲಿ ಏನೋ ಹುಡುಕತೊಡಗಿದರು.

ಹೊರಗೆ ಬಂದ ಸಾಹೇಬರು, ಇದು ಶಾಲೆಯೋ ಸಂತೆಯೋ ತಿಳಿಯದು, ಕಾಯಂ ಮಾತು ಇನ್ನೊಂದು ವರ್ಷ ಬಿಟ್ಟು ನೋಡೋಣ ಎಂದರು. ಇಂಥಲ್ಲಿ ಹೊಸಬರು ಕೈಕಟ್ಟಿ ನಿಲ್ಲುವುದು ಪದ್ಧತಿ.

"ಮೂರು ತಿಂಗಳು ಕೊಡ್ರಿ ಸಾಹೇಬ್ರ," ಎಂದೆ. "ಇಪ್ಪತ್ತೊಂಬತ್ತು ಇಡೀ ವರ್ಗನ ಹೇಳ್ತೈತಿ."

"ಒಂಬತ್ತು."

"ನಿಮಗೂ ಬ್ಯಾಡ, ನನಗೂ ಬ್ಯಾಡ. ಆರು ಮಾಡ್ರಿ."

ಆರಕ್ಕೆ ಮುಗಿಯಿತು. ವರ್ಗಕ್ಕೆ ಹೋಗಿ ಹೇಳಿದಾಗ ಆ ಹುಡುಗಿಗೆ ಸಮಾಧಾನವಾಗಲಿಲ್ಲ. ಇಂಥ ಮಾತಿಗೆ ತಮ್ಮನ್ನೂ ಕರೆಯಬೇಕಿತ್ತೆಂದಳು.

ಆರು ತಿಂಗಳ ಮೇಲೆ ಸಾಹೇಬರು ಎಲ್ಲರ ಬಾಯಿಂದ ಒಟ್ಟಿಗೆ ಇಪ್ಪತ್ತೊಂಬತ್ತು ಕೇಳಿದರು. ಮುಂದಿನವರು ಕೂಗಿ ಹೇಳಿದರು. ಹಿಂದಿನ ಎರಡು ಸಾಲುಗಳು ಬರೀ ತುಟಿ ಆಡಿಸಿದವು. ಸಾಹೇಬರು ಒಮ್ಮೆ ಹಿಂದಕ್ಕೆ, ಒಮ್ಮೆ ನನ್ನತ್ತ ನೋಡಿ, ಅಷ್ಟಕ್ಕೇ ಒಪ್ಪಿ ಕಾಯಂ ಎಂದು ಬರೆದರು.