ಸೊಸೆಗೆ ಇಷ್ಟವಾಗುವಂಥದ್ದು

ಕ್ರಿಸ್‌ಮಸ್‌ ಹಿಂದಿನ ಸಂಜೆ ಕೊನೆಯ ಗಿರಾಕಿಯ ಗೌನಿಗೆ ಗುಂಡಿ ಹಾಕಿ ಕೊಟ್ಟದ್ದೇ ತಡ, ಟೈಲರಕ್ಕ ಅಂಗಡಿ ಬೀದಿಗೆ ಓಡಿದಳು. ಊರಿಗೆಲ್ಲ ಹಬ್ಬದ ಬಟ್ಟೆ ಹೊಲಿದವಳು ಹೊಸ ಸೊಸೆಗೆ ಇನ್ನೂ ಏನೂ ತಂದಿರಲಿಲ್ಲ. ಆ ಹುಡುಗಿಗೆ ಏನಿಷ್ಟ ಎಂಬುದೇ ತಿಳಿಯದು. ಚಹಾಕ್ಕೆ ಸಕ್ಕರೆ ಮರೆತರೂ "ಪರವಾಗಿಲ್ಲ ಅತ್ತೆ", ಕಿಟಕಿಯಿಂದ ಚಳಿ ನುಗ್ಗಿದರೂ "ಪರವಾಗಿಲ್ಲ ಅತ್ತೆ". ಈಗಲೂ ನೆಂಟರ ಮನೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು. ಈ ಹಬ್ಬಕ್ಕಾದರೂ ಅವಳ ಮುಖ ನಿಜವಾಗಿ ಅರಳಬೇಕು.

ಗಾಜಿನಂಗಡಿಯಲ್ಲಿ ಹೂದಾನಿಯೊಂದನ್ನು ಎತ್ತಿದಳು, ಇಟ್ಟಳು. ಪುಸ್ತಕದಂಗಡಿಯ ಬಾಗಿಲವರೆಗೆ ಹೋಗಿ ತಿರುಗಿದಳು. ಒಂದೊಂದೇ ಅಂಗಡಿಯ ದೀಪ ಆರುತ್ತಿತ್ತು.

ಸ್ವೆಟರ್ ಅಂಗಡಿಯಲ್ಲಿ ಕಡುನೀಲಿಯದೊಂದು ಕಣ್ಣಿಗೆ ಬಿತ್ತು. ಕೈ ತನ್ನಷ್ಟಕ್ಕೆ ಅದನ್ನು ಒಳಹೊರಗು ಮಾಡಿತು.

"ಏನಕ್ಕಾ, ಕೊಳ್ಳೋಕೆ ಬಂದ್ರೋ, ಪರೀಕ್ಷೆ ಮಾಡೋಕೋ?" ಅಂಗಡಿಯವನು ನಕ್ಕ.

"ನಿದ್ದೆಗಣ್ಣಲ್ಲಿ ಹೊಲಿದಿದಾರಲ್ಲೋ ಇದನ್ನ," ಎನ್ನುತ್ತ, ಜೋತಾಡುತ್ತಿದ್ದ ದಾರವನ್ನು ಅಭ್ಯಾಸಬಲದಿಂದ ಎಳೆದಳು. ಸರ್ರನೆ ಹೊಲಿಗೆ ಬಿಚ್ಚಿ, ತೋಳು ಕೈಗೇ ಬಂತು.

"ಶಹಬ್ಬಾಸ್! ಈ ಒಂಟಿ ತೋಳಿನ ಸ್ವೆಟರನ್ನ ಯಾರಿಗೆ ಮಾರ್ಲಿ?"

"ಬಾಯಿ ಮುಚ್ಕೊಂಡು ನೀಲಿ ದಾರ ಕೊಡು. ನಾನೇ ತಗೋತೀನಿ."

ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಸ್ಟೂಲಿನ ಮೇಲೆ ಕುಳಿತಳು. ಕಣ್ಣು ಮಾತ್ರ ಬೀದಿಯಲ್ಲಿ ಇನ್ನೂ ಮುಚ್ಚದ ಅಂಗಡಿಗಳ ಕಡೆಗೇ. ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಸೊಸೆಯೇ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲಿದೀರಾ ಅತ್ತೆ? ಬೀದಿಯೆಲ್ಲ ಹುಡುಕಿದೆ. ಇದ್ಯಾರಿಗೆ?"

ಬಚ್ಚಿಡಲು ಜಾಗವಿರಲಿಲ್ಲ. "ನಿನಗೇ ಕಣಮ್ಮ. ಹೇಗಿದೆ?" ಎಂದವಳು, ಉತ್ತರ ಗೊತ್ತೇ ಇದೆ ಎಂಬಂತೆ ಮತ್ತೆ ತಲೆ ತಗ್ಗಿಸಿದಳು.

ಸೊಸೆ ಸ್ವೆಟರನ್ನು ನೋಡಿದಳು, ಅತ್ತೆಯ ಬೆರಳುಗಳನ್ನು ನೋಡಿದಳು.

"ಅತ್ತೆ... ನನಗೆ ನೀಲಿ ಆಗಲ್ಲ. ಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡ ಹಾಗಿರುತ್ತೆ."

ಅಂಗಡಿಯವನು ಹಣೆ ಚಚ್ಚಿಕೊಂಡ. ಟೈಲರಕ್ಕನ ಸೂಜಿ ಗಾಳಿಯಲ್ಲೇ ನಿಂತಿತು.

"ಮತ್ತೇನು ಬೇಕು? ಹೇಳೇ!"

"ಎದುರಂಗಡೀಲಿ ಮೌತ್‌ ಆರ್ಗನ್‌ ಇದೆ. ನಂದು ಅಮ್ಮನ ಮನೇಲೇ ಬಿಟ್ಟು ಬಂದೆ. ನಿಮಗೆ ಗಲಾಟೆ ಅನ್ಸುತ್ತೇನೋ ಅಂತ..."

"ನನ್ನ ಮೆಷೀನಿನ ಕಟಕಟಕ್ಕಿಂತ ಗಲಾಟೇನಾ? ನಡಿ, ಅವನು ಶಟರ್ ಎಳೀತಿದಾನೆ!"

ಸೂಜಿ ಸಮೇತ ಸ್ವೆಟರನ್ನು ಅಂಗಡಿಯವನ ಕೈಗೆ ತುರುಕಿ, "ಹಿಡ್ಕೊ, ಬಂದು ಮುಗಿಸ್ತೀನಿ," ಎಂದು ಟೈಲರಕ್ಕ ಹೊರಗೆ ಧಾವಿಸಿದಳು. ಸೊಸೆ ಆಗಲೇ ಬೀದಿ ದಾಟಿ, ಇಳಿಯುತ್ತಿದ್ದ ಶಟರಿಗೆ ಎರಡೂ ಕೈ ಒಡ್ಡಿ, ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು: "ಅಣ್ಣಾ, ಮುಚ್ಬೇಡಿ! ನಮಗೆ ಬೇಕು!"